ಚಪ್ಪಡಿಯ ಮೇಲಿನ ಕುರ್ಚಿ

ಬೆಳಿಗ್ಗೆ ಹತ್ತೂಕಾಲು ಗಂಟೆಗೆ, ನಮ್ಮ ಹಿತ್ತಲ ಸೆಪ್ಟಿಕ್ ಟ್ಯಾಂಕಿಗೆ ಏಣಿಯಲ್ಲಿ ಇಳಿಯುತ್ತಿದ್ದವನು "ಚಿಕ್ಕವ್ವಾರೇ, ಆ..." ಎಂದು ಶುರು ಮಾಡಿದ ಮಾತು ಅಲ್ಲಿಗೇ ನಿಂತಿತು. ತೆರೆದ ಬಾಗಿಲಿನಿಂದ ನಡುಮನೆಯ ಗಡಿಯಾರ ಕಾಣುತ್ತಿತ್ತು. ಏಣಿ ಅಲುಗಿತು. ಅವನ ತಲೆ ಕಾಣಲಿಲ್ಲ.

ಐವತ್ತರ ದಶಕದ ಕೊನೆಯ ಮಾತಿದು. ಚನ್ನರಾಯಪಟ್ಟಣದ ನಮ್ಮ ಬೀದಿಯಲ್ಲಿ ಅಂಥ ಟ್ಯಾಂಕು ಇದ್ದದ್ದು ನಮ್ಮ ಮನೆಗೆ ಮಾತ್ರ. ದಿನಸಿ ಅಂಗಡಿ ಇಟ್ಟಿದ್ದ ಮಾವನವರಿಗೆ ಅದರ ಹೆಮ್ಮೆ. ಶ್ರವಣಬೆಳಗೊಳಕ್ಕೆ ಹೋಗುವ ನೆಂಟರೆಲ್ಲ ನಮ್ಮಲ್ಲೇ ಉಳಿಯುತ್ತಿದ್ದರು. ಪಾತ್ರೆ ಬೆಳಗಿದ ಬೂದಿ, ತೆಂಗಿನ ನಾರು, ಗಂಜಿ ಎಲ್ಲವೂ ಆ ಟ್ಯಾಂಕಿನ ಕೊಳವೆಗೆ. ವಾಸನೆ ಬಂದರೆ ಒಂದು ಬಾಟಲಿ ಫಿನಾಯಿಲ್. ಒಳಗೆ ಕೊಳೆ ಕರಗಿಸುವ ಜೀವಾಣುಗಳನ್ನೇ ಅದು ಕೊಲ್ಲುತ್ತದೆ ಎಂದು, ಬಿಎಸ್ಸಿ ಮುಗಿಸಿ ಸೊಸೆಯಾಗಿ ಬಂದ ನಾನು ಹೇಳಿದರೆ ಮಾವ ನಗುತ್ತಿದ್ದರು. "ನಿನ್ನ ಕಾಲೇಜು ಕಾಲೇಜಲ್ಲೇ ಇರ್ಲಮ್ಮ."

ಕೊನೆಗೆ ಟ್ಯಾಂಕು ತುಂಬಿ ಬಚ್ಚಲಿಗೆ ಉಕ್ಕಿತು. ನೆಂಟರು ಬರುವ ಹೊತ್ತು. ಮಾವ ಗುಂಡಿ ಬಳಿಯುವ ಅಣ್ಣತಮ್ಮಂದಿರಿಬ್ಬರನ್ನು ಕರೆಸಿ ಚಪ್ಪಡಿ ತೆಗೆಸಿದರು. ಮೇಲಿನ ನೀರು ಖಾಲಿಯಾದ ಮೇಲೆ ತಳದ ಹೂಳಿಗೆಂದು ಅಣ್ಣ ಇಳಿದಿದ್ದ.

ಈಗ ತಮ್ಮನೂ ಏಣಿಗೆ ಕಾಲಿಟ್ಟ. ನಾನು ಹಿಂದಿನಿಂದ ಅವನ ಸೊಂಟ ಹಿಡಿದು ನೆಲಕ್ಕೆ ಕೆಡವಿದೆ.

"ಬುಡ್ರವ್ವಾ! ನಮ್ಮಣ್ಣ ಕಣ್ರವ್ವಾ!"

"ಒಳಗೆ ಕೆಟ್ಟ ಗಾಳಿ ಕಣೋ. ನೀನೂ ಇಳಿದ್ರೆ ಇಬ್ರೂ ಹೋಗ್ತೀರ!"

ಅವನ ಮೊಣಕೈ ನನ್ನ ತುಟಿಗೆ ಬಡಿಯಿತು. ಬಿಡಲಿಲ್ಲ. ಅಷ್ಟರಲ್ಲಿ ಅತ್ತೆ ಓಡಿ ಬಂದರು. ಕೈಯಲ್ಲಿ ಪಾತಾಳಗರಡಿ, ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು. ಕುಡಿಯುವ ನೀರು ಸೋಸಿ, ಬಟ್ಟೆಗಂಟಿದ ಹುಳುವನ್ನೂ ಮತ್ತೆ ಬಾವಿಗೇ ಬಿಡುವ ಜೈನರ ಮನೆ ನಮ್ಮದು. ಆ ಬಾವಿಯ ಗರಡಿಯನ್ನೇ ಅತ್ತೆ ಹೊಲಸು ಗುಂಡಿಗೆ ಇಳಿಬಿಟ್ಟರು. ಅಣ್ಣ ಸೊಂಟಕ್ಕೆ ಬಿಗಿದಿದ್ದ ಟವೆಲ್ಲಿಗೆ ಕೊಕ್ಕೆ ಸಿಕ್ಕಿತು. ಅಂಗಡಿಯ ಆಳುಗಳೂ ಸೇರಿ ಎಳೆದರು. ಅವನ ತುಟಿ ನೀಲಿಯಾಗಿತ್ತು. ಬಯಲಿನಲ್ಲಿ ಮಲಗಿಸಿ ಕಾದೆವು. ಎದೆ ಏರಿತು. ಜಟಕಾದಲ್ಲಿ ಆಸ್ಪತ್ರೆಗೆ ಸಾಗಿಸಿದರು.

ಮರುದಿನ ಮಾವ ಬೇರೆ ಆಳುಗಳನ್ನು ಕರೆಸಿದರು! ನಾನು ಚಪ್ಪಡಿ ಮುಚ್ಚಿಸಿ, ಅದರ ಮೇಲೆ ಕುರ್ಚಿ ಹಾಕಿಕೊಂಡು ಕೂತೆ.

"ಏಳಮ್ಮ. ನೆಂಟರ ಮುಂದೆ ಮಾನ ತೆಗೀಬೇಡ."

"ನೆಂಟರು ಬೆಳಗೊಳದ ಛತ್ರದಲ್ಲಿ ಉಳ್ಕೊಳ್ಳಲಿ ಮಾವ. ಈ ಗುಂಡಿಗೆ ಇನ್ನು ಯಾರೂ ಇಳಿಯಲ್ಲ."

ಪಕ್ಕದ ಮನೆಯ ಗೌಡರು ಗೋಡೆಯಾಚೆಯಿಂದ ಕೂಗಿದರು: "ಕಾಲೇಜು ಸೊಸೆ ಪಟ್ಟಕ್ಕೇರವ್ಳೆ, ಬಂದು ನೋಡ್ರೋ!"

ನಾನು ಏಳಲಿಲ್ಲ. ಮಧ್ಯಾಹ್ನ ಅತ್ತೆ ಊಟದ ತಟ್ಟೆಯನ್ನು ಅಲ್ಲಿಗೇ ತಂದರು. "ಹುಳ ಸಾಯ್ಬಾರ್ದು ಅಂತ ನೀರು ಸೋಸ್ತೀವಿ. ಇದು ಮನುಷ್ಯನ ಜೀವ," ಎಂದು ಗಂಡನಿಗೆ ಹೇಳಿದರು. ಮಾವ ಅಂಗಡಿಗೆ ಹೊರಟುಹೋದರು.

ಉದ್ದ ಗಳುವಿಗೆ ತಗಡಿನ ಡಬ್ಬ ಕಟ್ಟಿಸಿ, ಹೂಳನ್ನು ಮೇಲಿನಿಂದಲೇ ಮೊಗೆಸಿದೆ. ಹಿತ್ತಲ ಮೂಲೆಯಲ್ಲಿ ಹೂಳಿಸಿ ಮಣ್ಣು ಮುಚ್ಚಿಸಿದೆ. ನಿಧಾನವಾಯಿತು, ಆಗಲಿ. ಅಡುಗೆಮನೆಯ ನೀರು ಬಾಳೆಗಿಡಕ್ಕೆ ತಿರುಗಿತು. ಬೂದಿ ತಿಪ್ಪೆ ಸೇರಿತು. ಫಿನಾಯಿಲ್ ಬಾಟಲಿ ನನ್ನ ಪೆಟ್ಟಿಗೆಯೊಳಗೆ ಬೀಗ ಬಿದ್ದು ಕೂತಿತು. ಬೀದಿಯವರು ನಕ್ಕರು. ನಗಲಿ.

ನಿದ್ದೆ ಮಾತ್ರ ನನ್ನ ಹಟಕ್ಕೆ ಜಗ್ಗಲಿಲ್ಲ. ಕಣ್ಣು ಮುಚ್ಚಿದರೆ ಆ ಅರ್ಧ ಮಾತು. ಎದ್ದರೆ ಅತ್ತೆಯೂ ಹಾಸಿಗೆಯಲ್ಲಿ ಕೂತಿರುತ್ತಿದ್ದರು.

ಒಂದು ಮಧ್ಯಾಹ್ನ ಅವನು ತಮ್ಮನ ಜೊತೆ ನಡೆದುಕೊಂಡೇ ಬಂದ. ಸೊರಗಿದ್ದ. ಕಾಫಿ ಕೊಟ್ಟು ಕೇಳಿದೆ: "ಅವತ್ತು ಏನೋ ಹೇಳ್ತಿದ್ದೆಯಲ್ಲ, ಏನದು?"

"ಆ ಬಕೀಟು ಕೊಡಿ ಅಂತ ಕಣವ್ವಾ, ಇನ್ನೇನು?" ಎಂದು ನಕ್ಕ. "ಇನ್ನು ನಾ ಯಾರ ಗುಂಡಿಗೂ ಇಳಿಯಾಕಿಲ್ಲ."

"ಇಲ್ಲಿ ಇಳಿಸೋರೂ ಇಲ್ಲ."

ತಮ್ಮ ನನ್ನ ತುಟಿಯ ಗಾಯ ನೋಡಿ ತಲೆ ತಗ್ಗಿಸಿದ. "ಚಿಕ್ಕವ್ವಾರು ಇಡ್ಕಂಡ್ರೆ ಉಡ ಇಡ್ಕಂಡಂಗೆ ಕಣಣ್ಣಾ," ಎಂದ.

ಅವತ್ತು ರಾತ್ರಿ ಅತ್ತೆ, ನಾನು, ಇಬ್ಬರೂ ಬೆಳಗಾಗುವವರೆಗೂ ನಿದ್ದೆ ಮಾಡಿದೆವು.