ಆರ್ಡಿಸ್ ಕ್ವಾಲೆಯ ಕಯೋಟಿ ಪಾಠ

ಆರ್ಡಿಸ್ ಕ್ವಾಲೆಗೆ ಅರವತ್ತೆರಡು ವರ್ಷ. ಅದರಲ್ಲಿ ಇಪ್ಪತ್ತೆಂಟನ್ನು ಅವಳು ಊರಿನ ಶಾಲೆಯ ಅಡುಗೆಮನೆಯಲ್ಲಿ ಸವೆಸಿದ್ದಳು. ಇನ್ನೂರು ಮಕ್ಕಳ ಗದ್ದಲವನ್ನು ಸೌಟಿನಿಂದ ಪಾತ್ರೆಗೆ ಒಂದೇಟು ಕೊಟ್ಟು ಅಡಗಿಸುತ್ತಿದ್ದ ಹೆಂಗಸು. ಇಂಥವಳು ಈ ಏಪ್ರಿಲ್‌ನಲ್ಲಿ, ಪೂರ್ವ ಮೊಂಟಾನಾದ ಬೋಳು ಗುಡ್ಡವೊಂದರ ಮೇಲೆ, ಬೆಳಗಿನ ಆರೂವರೆಗೆ, ಒದ್ದೆ ನೆಲದಲ್ಲಿ ಕುಂಡೆಯೂರಿ ಕೂತು, ಮರದ ಸೀಟಿಯೊಂದನ್ನು ಬಾಯಲ್ಲಿಟ್ಟುಕೊಂಡು, ಸಾಯುತ್ತಿರುವ ಮೊಲದ ಹಾಗೆ ಕಿರುಚುವುದನ್ನು ಕಲಿಯಬೇಕಾಯಿತು. ಕಲಿಸುವವನು ಗಂಡ ಟಿಲ್ಮನ್. ಅವನು ಪಕ್ಕದಲ್ಲೇ ಬಕೆಟ್ಟು ಬೋರಲು ಹಾಕಿಕೊಂಡು ಕೂತಿರುತ್ತಿದ್ದ. ಇಂಥ ಮೇಷ್ಟರು ಶತ್ರುವಿಗೂ ಬೇಡ.

ತೋಳದ ಜಾತಿಯ, ಕುರಿಮರಿ ಹಿಡಿಯುವ ಕಯೋಟಿಗಳ ಕಾಟ ಹೊಸದೇನಲ್ಲ. ನಲವತ್ತು ವರ್ಷ ಮೊಲದ ಸೀಟಿಯೂದಿ ಅವುಗಳನ್ನು ಹತ್ತಿರ ಕರೆದು ಹೊಡೆಯುತ್ತಿದ್ದವನು ಟಿಲ್ಮನ್ನೇ. ಆರ್ಡಿಸ್ ಕೋವಿ ಮುಟ್ಟಿದವಳಲ್ಲ, ಬಾಗಿಲ ಹಿಂದೆ ಅದು ಒರಗಿ ನಿಂತಿದ್ದರೆ ಕಸ ಗುಡಿಸುವಾಗ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಕಳೆದ ನವೆಂಬರ್‌ನಲ್ಲಿ ಟಿಲ್ಮನ್‌ಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಲಗಾಲನ್ನು ಎಳೆದು ನಡೆಯುವಂತಾಯಿತು, ಮಾತಂತೂ ನಿಂತೇ ಹೋಯಿತು. ಹೂಂ, ಬೇಡ, ಮತ್ತೊಂದು ಕೆಟ್ಟ ಬೈಗುಳ, ಇಷ್ಟೇ ಉಳಿದದ್ದು. ಮಾತು ಕಲಿಸಲು ಪಟ್ಟಣದಿಂದ ವಾರಕ್ಕೊಮ್ಮೆ ಒಬ್ಬ ಹುಡುಗಿ ಬಂದು ಬಟ್ಟಲಿನ ಚಿತ್ರ, ಬಾಚಣಿಗೆಯ ಚಿತ್ರ ಹಿಡಿದು ತೋರಿಸುತ್ತಿದ್ದಳು. ಟಿಲ್ಮನ್ ಮುಖ ತಿರುಗಿಸಿ ಕಿಟಕಿಯಾಚೆ ಕುರಿಗಳನ್ನು ನೋಡುತ್ತಿದ್ದ.

ಕುರಿಗಳು ನೂರಾ ಮೂವತ್ತು. ಮರಿ ಹಾಕುವ ಕಾಲ ಶುರುವಾದ ಹತ್ತೇ ದಿನಕ್ಕೆ ಕಯೋಟಿಗಳು ಹದಿನಾಲ್ಕು ಮರಿಗಳ ಗಂಟಲು ಸೀಳಿದ್ದವು. ಟಿಲ್ಮನ್ನನ ತಮ್ಮ ವೆಂಡೆಲ್ ಬಂದು ಕಾಫಿ ಕುಡಿದ, ಹಣ್ಣಿನ ಪೈ ತಿಂದ, ಬಾಯಿ ಒರೆಸಿಕೊಂಡು ತೀರ್ಪು ಹೇಳಿದ.

“ಮಾರ್ಬಿಡು ಆರ್ಡಿಸ್. ಇವನ ಕೈಲಾಗಲ್ಲ, ನಿನಗೆ ಬರಲ್ಲ. ಕಯೋಟಿ ಹೊಟ್ಟೆ ತುಂಬಿಸೋಕೆ ಕುರಿ ಸಾಕ್ತೀರಾ? ಮೇ ತಿಂಗಳ ಮೊದಲ್ನೇ ಸೋಮವಾರ ನಾನೇ ಲಾರಿ ತರ್ತೀನಿ.”

ಟಿಲ್ಮನ್ ಎಡಗೈಯಿಂದ ತನ್ನ ತಟ್ಟೆಯನ್ನು ದೂರ ತಳ್ಳಿದ.

ನಿಜ ಹೇಳಬೇಕೆಂದರೆ ಆರ್ಡಿಸ್‌ಗೆ ಕುರಿಗಳ ಮೇಲೆ ಎಂದೂ ಅಂಥ ಪ್ರೀತಿಯಿರಲಿಲ್ಲ. ಬುದ್ಧಿಯಿಲ್ಲದ, ನಾರುವ, ಸಾಯಲಿಕ್ಕೆ ನೆಪ ಹುಡುಕುವ ಪ್ರಾಣಿಗಳು. ಆದರೆ ಟಿಲ್ಮನ್ ಬೆಳಿಗ್ಗೆ ಎದ್ದು, ಒಂದೇ ಕೈಯಲ್ಲಿ ಅರ್ಧ ಗಂಟೆ ಒದ್ದಾಡಿ ಪ್ಯಾಂಟು ಏರಿಸಿಕೊಳ್ಳುತ್ತಿದ್ದುದು ಅವುಗಳಿಗಾಗಿ. ಅವು ಹೋದ ದಿನ ಅವನು ಟಿವಿ ಮುಂದಿನ ಕುರ್ಚಿಯಲ್ಲಿ ಕೂರುತ್ತಾನೆ, ಮತ್ತೆ ಏಳುವುದಿಲ್ಲ. ಇದು ಅವಳಿಗೆ ಗೊತ್ತಿತ್ತು. ವೆಂಡೆಲ್ ಹೋದ ಮೇಲೆ ಅವಳು ಬಾಗಿಲ ಹಿಂದಿನ ಕೋವಿ ತೆಗೆದುಕೊಂಡಳು, ಟಿಲ್ಮನ್ನನ ಖಾನೆಯಿಂದ ಸೀಟಿ ಹುಡುಕಿದಳು, ಅಡುಗೆಮನೆಯಲ್ಲೇ ನಿಂತು ಊದಿದಳು.

“ಊದ್ತಿದೀಯೋ, ಉಗೀತಿದೀಯೋ?” ಎಂದ ಟಿಲ್ಮನ್.

ಐದು ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ. ಆರ್ಡಿಸ್ ಉಗ್ರಾಣಕ್ಕೆ ಹೋಗಿ ಹಿಟ್ಟಿನ ಡಬ್ಬದ ಮುಂದೆ ನಿಂತು ಅತ್ತಳು. ಮೂಗು ಒರೆಸಿಕೊಂಡು ವಾಪಸು ಬಂದು ಮತ್ತೆ ಉಗಿದಳು.

ಅಂದಿನಿಂದ ಪಾಠ ಶುರು, ಸಂಜೆ ಬೇಲಿಗೂಟದ ಮೇಲಿನ ಡಬ್ಬಕ್ಕೆ ಗುರಿಯಿಡುವುದು, ಬೆಳಿಗ್ಗೆ ಗುಡ್ಡದ ಮೇಲೆ ಸೀಟಿ. ಮೊದಲ ದಿನ ಅವಳು ಪಿಕಪ್ಪಿನ ಬಾಗಿಲನ್ನು ಧಡಾರನೆ ಹಾಕಿದಳು. ಟಿಲ್ಮನ್ ಕಣ್ಣು ಮುಚ್ಚಿಕೊಂಡು, “ಮನೆಗೆ ನಡಿ” ಎಂದ. ಎರಡನೆಯ ದಿನ ಗಾಳಿಗೆ ಬೆನ್ನು ಹಾಕಿ ಕೂತಳು. “ಗಾಳಿ ಮುಖಕ್ಕೆ ಬಡೀಬೇಕು, ಮಾರಾಯ್ತಿ! ನಿನ್ನ ಸೋಪಿನ ವಾಸ್ನೆ ಕೆನಡಾಕ್ಕೆ ಹೋಯ್ತು!” ಮೂರನೆಯ ದಿನ ಎಲ್ಲವೂ ಸರಿಯಾಗಿತ್ತು. ಸೂರ್ಯ ಬೆನ್ನಿಗೆ, ಗಾಳಿ ಮುಖಕ್ಕೆ, ಸೀಟಿಯೂ ಹೆಚ್ಚುಕಡಿಮೆ ಮೊಲದ ಹಾಗೇ ಕಿರುಚಿತು. ಏಳು ನಿಮಿಷಕ್ಕೆ ಅವಳ ಕಾಲು ಜೋಮು ಹಿಡಿಯಿತು. ಎದ್ದು ಕಾಲು ಕೊಡವಿದಳು. ಎದುರಿನ ಇಳಿಜಾರಿನಲ್ಲಿ ಬರುತ್ತಿದ್ದ ಕಯೋಟಿ ಅವಳನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ ಹೊರಟುಹೋಯಿತು.

“ಅಮ್ಮಾ ತಾಯಿ,” ಎಂದ ಟಿಲ್ಮನ್, ಒಂದೊಂದು ಪದವನ್ನೂ ಎಳೆದು ತಂದು, “ಡ್ಯಾನ್ಸ್ ಮಾಡೋದಿದ್ರೆ... ಶನಿವಾರ... ಊರಿಗೆ ಹೋಗೋಣ.”

ಅವನ ಮಾತು ಮರಳಲೆಂದು ಅವಳು ಬೇಕಂತಲೇ ತಪ್ಪು ಮಾಡುತ್ತಿದ್ದಳೆಂದು ಯಾರಾದರೂ ತಿಳಿದರೆ ಅದು ಶುದ್ಧ ಸುಳ್ಳು. ಈ ಕೆಲಸದಲ್ಲಿ ಅವಳು ನಿಜಕ್ಕೂ ಅಷ್ಟು ಪೆದ್ದಿಯಾಗಿದ್ದಳು. ಬೈಸಿಕೊಂಡಾಗಲೆಲ್ಲ ಮೈ ಉರಿಯುತ್ತಿತ್ತು. ಅವನ ಬಕೆಟ್ಟನ್ನು, ಅವನ ಕೋಲನ್ನು, ಕೊನೆಗೆ ಅವನನ್ನೇ ಗುಡ್ಡ ಹತ್ತಿಸುವುದು ತಾನು, ಮೇಲೆ ಹೋಗಿ ಉಗಿಸಿಕೊಳ್ಳುವುದೂ ತಾನು. ಮಕ್ಕಳಿಗೆ ಅನ್ನ ಹಾಕಿದ ಕೈಗೆ ದೇವರು ಯಾಕೆ ಈ ಶಿಕ್ಷೆ ಕೊಟ್ಟ ಎಂದು ಅವಳು ದಿನಾ ಕೇಳಿಕೊಳ್ಳುತ್ತಿದ್ದಳು.

ಮೂರನೆಯ ವಾರ ಅವಳಿಗೊಂದು ಉಪಾಯ ಹೊಳೆಯಿತು. ಕಯೋಟಿಗಳು ತಿನ್ನುವುದು ಕುರಿಮರಿಯನ್ನು, ಊದುವುದು ಮೊಲದ ಸದ್ದನ್ನು, ಇದೆಂಥ ಲೆಕ್ಕ? ಖಾನೆಯಲ್ಲಿ ಕುರಿಮರಿಯ ಹಾಗೆ ಕೂಗುವ ಇನ್ನೊಂದು ಸೀಟಿ ಇತ್ತು, ಹೊಚ್ಚಹೊಸದು. ಟಿಲ್ಮನ್ ಅದನ್ನು ಯಾಕೆ ಎಂದೂ ಬಳಸಿಲ್ಲ ಎಂದು ಅವಳು ಒಂದು ಕ್ಷಣವಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಗುಡ್ಡದ ಮೇಲೆ ಕೂತು ಜೇಬಿನಿಂದ ಅದನ್ನು ತೆಗೆದಾಗ ಟಿಲ್ಮನ್ ಕೈಯೆತ್ತಿ, “ಬೇ... ಬೇ...” ಎಂದ. ಅವಳು ಅಷ್ಟರಲ್ಲಿ ಎದೆ ತುಂಬ ಉಸಿರೆಳೆದು ಊದಿಯಾಗಿತ್ತು.

ಕಯೋಟಿ ಬರಲಿಲ್ಲ. ಗುಡ್ಡದಾಚೆಯಿಂದ ಅವರದೇ ಕುರಿಗಳು ಬಂದವು. ಮರಿ ಹಾಕಿದ ಒಂದೊಂದು ತಾಯಿಯೂ ತನ್ನ ಮರಿಯೇ ಸಾಯುತ್ತಿದೆಯೆಂದು ಅರಚುತ್ತಾ, ನಿಜವಾದ ಮರಿಗಳನ್ನು ಹಿಂದೆ ಬಿಟ್ಟು, ಎದ್ದೆನೋ ಬಿದ್ದೆನೋ ಎಂದು ಓಡಿಬಂತು. ಎಲ್ಲಕ್ಕೂ ಮುಂದೆ ಕಾವಲಿನ ಬಿಳಿ ನಾಯಿ ಬಿಷಪ್. ಐವತ್ತು ಕಿಲೋ ತೂಕದ ಆ ನಾಯಿ ಮರಿಯ ಕೂಗು ಆರ್ಡಿಸ್‌ಳ ಕೋಟಿನಿಂದ ಬರುತ್ತಿದೆ ಎಂದು ತೀರ್ಮಾನಿಸಿ ಅವಳನ್ನು ಅಂಗಾತ ಕೆಡವಿ ಎದೆಯ ಮೇಲೆ ನಿಂತು ಬೊಗಳಿತು. ಕೋವಿ ಒಂದು ಕಡೆ, ಟೋಪಿ ಒಂದು ಕಡೆ. ಬಕೆಟ್ಟಿನ ಸುತ್ತ ಎಂಬತ್ತು ಕುರಿಗಳು. ಯಾವ ಮರಿ ಯಾವ ತಾಯಿಯದೆಂದು ಜೋಡಿಸಿ ಮುಗಿಸುವಷ್ಟರಲ್ಲಿ ಸಂಜೆಯಾಯಿತು. ಮೂರು ಮರಿಗಳನ್ನು ತಾಯಂದಿರು ಮತ್ತೆ ಹತ್ತಿರ ಸೇರಿಸಲಿಲ್ಲ, ಅವಕ್ಕೆ ಬಾಟಲಿ ಹಾಲೇ ಗತಿ.

“ಮೊದ್ಲೇ ಹೇಳೋಕೇನಾಗಿತ್ತು ನಿನಗೆ ಧಾಡಿ?” ಎಂದು ಆರ್ಡಿಸ್ ಕೊಟ್ಟಿಗೆ ಅದುರುವಂತೆ ಕೂಗಿದಳು.

“ಬಾಯಿಗೆ... ಬರ್ಲಿಲ್ಲ!” ಎಂದು ಅವನೂ ಕೂಗಿದ. ಅವನ ಕಣ್ಣಲ್ಲಿ ನೀರಿತ್ತು.

ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಮಾರನೆಯ ದಿನದಿಂದ ಒಬ್ಬಳೇ ಹೋಗುತ್ತೇನೆ ಎಂದಳು. ಅವನು, “ಹೂಂ” ಎಂದ.

ಒಬ್ಬಳೇ ಹೋದ ಆರನೆಯ ಬೆಳಿಗ್ಗೆ, ಮೇ ತಿಂಗಳ ಮೊದಲ ಶುಕ್ರವಾರ, ಅವಳು ಕಯೋಟಿ ಹೊಡೆದಳು. ಕಾಲು ಜೋಮು ಹಿಡಿದರೂ ಏಳಲಿಲ್ಲ, ಹುಲ್ಲಿನಲ್ಲಿ ಬೂದುಬಣ್ಣ ಅಲ್ಲಾಡಿದಾಗ ಉಸಿರು ಬಿಡಲಿಲ್ಲ. ಒಂದೇ ಗುಂಡು. ಹತ್ತಿರ ಹೋಗಿ ನೋಡಿದಳು. ಅವಳು ಎಣಿಸಿದ್ದಕ್ಕಿಂತ ಎಷ್ಟೋ ಸಣ್ಣ ಪ್ರಾಣಿ, ಚೆಂದದ ಕಿವಿ. ಖುಷಿಯೇನೂ ಆಗಲಿಲ್ಲ. ಆದರೂ ಗಂಡನಿಗೆ ಹೇಳಬೇಕು ಎಂದು ಪಿಕಪ್ಪನ್ನು ಹಳ್ಳ ದಿಣ್ಣೆ ನೋಡದೆ ಓಡಿಸಿಕೊಂಡು ಬಂದಳು.

ಪಿಕಪ್ಪಿನ ಹಿಂಭಾಗದಲ್ಲಿ ಬಿದ್ದಿದ್ದ ಕಯೋಟಿಯನ್ನು ಟಿಲ್ಮನ್ ನೋಡಿದ. ತಲೆದೂಗಿದ. ಒಳಗೆ ಹೋಗಿ ಕೂತ.

ಅಂದೆಲ್ಲ ಅವನು ಮಾತಾಡಲಿಲ್ಲ. ಶನಿವಾರವೂ ಇಲ್ಲ. ಭಾನುವಾರ ಚರ್ಚಿನಲ್ಲಿ ಪಾದ್ರಿ ಕೈ ಕುಲುಕಿದರೆ ಬರೀ ಹೂಂ. ಕುರಿಗಳು ನೆಮ್ಮದಿಯಾಗಿ ಮೇಯುತ್ತಿದ್ದವು, ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಇನ್ನೊಂದಿಲ್ಲ. ಆರ್ಡಿಸ್‌ಗೆ ಹೆದರಿಕೆಯಾಯಿತು. ಕುರಿಗಳನ್ನು ಉಳಿಸಿದ ಗುಂಡು ಇವನ ನಾಲಗೆಗೇ ತಗುಲಿತೇ? ಬೇಕಂತಲೇ ಸಾರಿಗೆ ಉಪ್ಪು ಜಾಸ್ತಿ ಹಾಕಿದಳು. ಅವನು ತೆಪ್ಪಗೆ ಕುಡಿದ.

ಸೋಮವಾರ ಬೆಳಿಗ್ಗೆ ಬೇಲಿಯ ಮೂಲೆಯಲ್ಲಿ ಮತ್ತೊಂದು ಮರಿ ಸತ್ತುಬಿದ್ದಿತ್ತು. ಗಂಟಲು ಸೀಳಿತ್ತು. ಅವರಿಬ್ಬರೂ ಅದರ ಮುಂದೆ ನಿಂತಿರುವಾಗಲೇ ವೆಂಡೆಲ್‌ನ ಲಾರಿ ಅಂಗಳಕ್ಕೆ ಬಂತು. ಅವನು ಇಳಿದು ಬಂದು ಮರಿಯನ್ನು ನೋಡಿ, “ನಾನು ಹೇಳಿರ್ಲಿಲ್ವಾ?” ಎಂದ. ಆರ್ಡಿಸ್ ಸೋತಿದ್ದಳು.

ಟಿಲ್ಮನ್ ಕೋಲಿನಿಂದ ಮರಿಯನ್ನು ಮಗುಚಿ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

“ಗುಂಡು ಹೊಡೆದ್ಮೇಲೆ... ಎದ್ಯಾ ನೀನು?”

“ಎದ್ದೆ. ಮತ್ತೆ ಅಲ್ಲೇ ಮಲಗ್ಲಾ?”

“ಕೂತಿರ್ಬೇಕಿತ್ತು! ಈ ಕಾಲದಲ್ಲಿ ಅದು ಒಂಟಿ ಬರುತ್ತಾ? ಜೋಡಿ ಇರುತ್ತೆ, ಜೋಡಿ! ಕೂತು ಇನ್ನೊಂದ್ಸಲ ಊದಿದ್ರೆ ಅದೂ ಬರ್ತಿತ್ತು. ಒಂದು ಬಿದ್ದ ತಕ್ಷಣ ಮದುವೆಮನೆಗೆ ಓಡ್ದಂಗೆ ಓಡ್ಬಂದ್ಯಲ್ಲೇ!”

ವೆಂಡೆಲ್ ಬಾಯಿ ತೆರೆದುಕೊಂಡು ನಿಂತಿದ್ದ. ನವೆಂಬರ್‌ನಿಂದ ಅವನು ಅಣ್ಣನ ಬಾಯಲ್ಲಿ ಎರಡು ಪದ ಒಟ್ಟಿಗೆ ಕೇಳಿರಲಿಲ್ಲ.

ಟಿಲ್ಮನ್ ಅವನ ಕಡೆಗೂ ತಿರುಗಿದ. “ಏನೋ ನೋಡ್ತೀಯ? ಲಾರಿ ತಿರುಗ್ಸು. ಇವಳಿಗಿನ್ನೂ ಒಂದು ಹೊಡಿಯೋದಿದೆ.”

ಆರ್ಡಿಸ್‌ಗೆ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು, ಕೋಲು ಕಿತ್ತುಕೊಂಡು ನಾಲ್ಕು ಬಾರಿಸಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಕೆನ್ನೆ ಒರೆಸಿಕೊಂಡು ಕೋವಿ ತರಲು ಮನೆಯ ಕಡೆ ಹೊರಟಳು.

“ಬೈದು ಮುಗೀತಾ?” ಎಂದು ನಡೆಯುತ್ತಲೇ ಕೇಳಿದಳು.

“ಎಲ್ಲಿ ಮುಗೀತು!” ಎಂದು ಟಿಲ್ಮನ್ ಕಾಲೆಳೆದುಕೊಂಡು ಅವಳ ಹಿಂದೆಯೇ ಬಂದ.