ತಂತಿಯಾಚೆ ಮಾಲಾ

ಅಂಜಿನಕ್ಕನ ಬಾಯಿ ಊರಿಗೇ ಗೊತ್ತು. ಉಜ್ಜಿನಿಯ ಕಡೆಯ ಆ ಸಣ್ಣ ಊರಿನಲ್ಲಿ ಬೆಳಗಾಗುವುದೇ ಅವಳ ದನಿಯಿಂದ ಎಂದು ಜನ ಆಡಿಕೊಳ್ಳುತ್ತಾರೆ. ಎಮ್ಮೆ ತೊಳೆಯುವಾಗ ಎಮ್ಮೆಯ ಜೊತೆ, ರೊಟ್ಟಿ ಬಡಿಯುವಾಗ ಹಂಚಿನ ಜೊತೆ, ಯಾರೂ ಸಿಗದಿದ್ದರೆ ಗೋಡೆಯ ಜೊತೆಯಾದರೂ ಮಾತು ನಡೆದೇ ಇರಬೇಕು. ಆಡಿಕೊಳ್ಳುವವರಿಗೇನು, ಪುಕ್ಕಟೆ ಸಿಕ್ಕ ಬಾಯಿ ಅವರದೂ ಇದೆಯಲ್ಲ! ಕೂಡ್ಲಿಗಿ ಕಡೆಯಿಂದ ಬೊಮ್ಮಪ್ಪನ ಕೈಹಿಡಿದು ಬಂದಾಗ ಇದೇ ಹೆಂಗಸು ಹತ್ತು ಸಲ ಕೇಳಿದರೆ ಒಂದು ಸಲ ಹೂಂ ಅನ್ನುತ್ತಿದ್ದಳು ಎಂಬುದು ಅವರಿಗೆ ಮರೆತೇ ಹೋಗಿದೆ.

ಅವಳಿಗೆ ಮಾತು ಕಲಿಸಿದ್ದು ಮಗಳ ಕಿವುಡು. ಮಾಲಾ ಹುಟ್ಟಿ ವರ್ಷ ಕಳೆದರೂ ಕರೆದರೆ ತಿರುಗಲಿಲ್ಲ. ದೀಪಾವಳಿಯಲ್ಲಿ ಅಂಗಳದಲ್ಲೇ ಪಟಾಕಿ ಸರ ಸಿಡಿದಾಗ ಮಗು ತೊಟ್ಟಿಲಲ್ಲಿ ಮಿಸುಕಲೂ ಇಲ್ಲ. ಅವತ್ತು ಅಂಜಿನಕ್ಕನ ಎದೆ ಒಡೆದುಹೋಯಿತು. ಊರೂರು ತಿರುಗಿ, ಕಂಡಕಂಡ ದೇವರಿಗೆ ಕಾಯಿ ಒಡೆದು, ಕೊನೆಗೆ ಸರ್ಕಾರದ ಯೋಜನೆಯಲ್ಲಿ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ತಲೆಯ ಚರ್ಮದಡಿ ಒಂದು ಸಣ್ಣ ಯಂತ್ರವಿಟ್ಟು, ಅದರ ಎಳೆಯನ್ನು ಒಳಕಿವಿಗೆ ಇಳಿಸಿದರು. ಹೊರಗೆ ಕಿವಿಯ ಮೇಲೆ ಕೂರುವುದು ಇನ್ನೊಂದು ಯಂತ್ರ. ಅದರ ತುದಿಯ ಬಿಲ್ಲೆ ಅಯಸ್ಕಾಂತದಿಂದ ತಲೆಗೆ ಅಂಟಿಕೊಂಡಿರುತ್ತದೆ. ಬಿಲ್ಲೆ ತೆಗೆದರೆ ಮಾಲಾಳ ಪಾಲಿಗೆ ಲೋಕವೇ ಗಪ್‌ಚುಪ್.

ಆಪರೇಷನ್ ಆದರೆ ಮಾತು ತಾನಾಗಿ ಬರುತ್ತದೆ ಅಂದುಕೊಂಡಿದ್ದರು. ಎಲ್ಲಿ ಬರಬೇಕು! ಕೇಳಿಸುವುದೇ ಬೇರೆ, ಕೇಳಿಸಿಕೊಳ್ಳುವುದನ್ನು ಕಲಿಯುವುದೇ ಬೇರೆ. ಹರಪನಹಳ್ಳಿಯಲ್ಲಿ ಇಂಥ ಮಕ್ಕಳಿಗೆ ಮಾತು ಕಲಿಸುವ ಶಾಂಭವಿ ಮೇಡಂ ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದರು: "ನೋಡ್ರಿ ಅಂಜಿನಕ್ಕಾರ, ಇವತ್ತಿಂದ ನಿಮ್ಮ ಬಾಯಿ ಮುಚ್ಚಂಗಿಲ್ಲ. ಇನ್ನೊಂದು ಮಾತು, ಮನ್ಯಾಗ ಯಾರೂ ಕೈಸನ್ನಿ ಮಾಡಬಾರದು. ಕೈ ನೋಡಿ ತಿಳಕೊಂಡ್ರ ಹುಡುಗಿ ಕಿವಿ ಯಾಕ ಕೊಟ್ಟಾಳು?"

ಈ ಎರಡನೆಯ ಮಾತೇ ಮನೆಗೆ ಬೆಂಕಿ ಹಚ್ಚಿದ್ದು. ಅತ್ತೆ ಬಸಲಿಂಗಮ್ಮ ಅಷ್ಟರಲ್ಲಿ ಮೊಮ್ಮಗಳ ಜೊತೆ ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದಳು. ಹಾಲಿಗೊಂದು ಸನ್ನೆ, ನಾಯಿಗೊಂದು ಸನ್ನೆ, ಪಕ್ಕದ ಹೊಲದ ಹುಲುಗೇಶನೆಂದರೆ ಮೀಸೆ ತಿರುವುವುದು. ಅಂಜಿನಕ್ಕ ಅದನ್ನೆಲ್ಲ ಬಂದ್ ಮಾಡಿಸಿದಳು. "ಅತ್ತಿ, ಕೈ ಕೆಳಗಿಡ್ರಿ, ಬಾಯಿಲೆ ಹೇಳ್ರಿ" ಎಂದು ದಿನಕ್ಕೆ ಎಷ್ಟು ಸಲ ಅಂದಳೋ ಲೆಕ್ಕವಿಲ್ಲ. "ನನ್ನ ಮೊಮ್ಮಗಳ ಕೂಡ ನಾ ಹೆಂಗ ಮಾತಾಡಬೇಕಂತ ನೀ ಹೇಳ್ತೀಯೇನ?" ಎಂದು ಬಸಲಿಂಗಮ್ಮ ಸೆರಗಿನಡಿ ಕೈ ಕಟ್ಟಿಕೊಂಡು ಮುಖ ತಿರುಗಿಸಿದಳು. ಆಮೇಲೆ ಅತ್ತೆ ಸೊಸೆಯ ನಡುವೆ ಬೇಕಾದಷ್ಟೇ ಮಾತು.

ಮಾಲಾಳಿಗೆ ಐದು ತುಂಬುವ ಹೊತ್ತಿಗೆ ಒಂದು ಮೈಕು ಬಂತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ತಾಯಿ ಅದನ್ನು ರವಿಕೆಗೆ ಸಿಕ್ಕಿಸಿಕೊಂಡು ಮಾತಾಡಿದರೆ, ತಂತಿಯಿಲ್ಲ ಏನಿಲ್ಲ, ದನಿ ನೇರವಾಗಿ ಮಗುವಿನ ಯಂತ್ರಕ್ಕೆ ಹೋಗುತ್ತದೆ. ಒಂದು ಕೂಗಳತೆ ದೂರವಿದ್ದರೂ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ. ಆದರೆ ಅದು ಒಂದೇ ದಾರಿಯದು. ತಾಯಿಯ ದನಿ ಹೋಗುತ್ತದೆ, ಮಗಳದು ಬರುವುದಿಲ್ಲ. ಮಾಲಾ ಒಂದಿಷ್ಟು ಮಾತು ತಿಳಿಯುತ್ತಿದ್ದಳೇ ಹೊರತು ತಾನಾಗಿ ಬಾಯಿ ಬಿಡುತ್ತಿದ್ದುದು ಅಪರೂಪ. ಇಷ್ಟು ಸುರಿದದ್ದು ಒಳಗೆ ಇಳಿಯುತ್ತಿದೆಯೋ ಹೊರಗೇ ಚೆಲ್ಲಿಹೋಗುತ್ತಿದೆಯೋ ಎಂಬ ಚಿಂತೆ ಅಂಜಿನಕ್ಕನನ್ನು ಒಳಗೊಳಗೇ ಕೊರೆಯುತ್ತಿತ್ತು.

ಇನ್ನು ಆ ಸೋಮವಾರದ ಸಂಗತಿ. ಅದಕ್ಕೆ ಮೊದಲು ಹಂದಿಗಳ ವಿಷಯ ಹೇಳಬೇಕು. ಮೆಕ್ಕೆಜೋಳ ತೆನೆ ಕಟ್ಟಿತೆಂದರೆ ಕಾಡುಹಂದಿ ಇಡೀ ಸಂಸಾರ ಕಟ್ಟಿಕೊಂಡು ಬರುತ್ತದೆ. ಹೋದ ವರ್ಷ ಬೊಮ್ಮಪ್ಪನ ಅರ್ಧ ಹೊಲ ನೆಲಸಮವಾಗಿತ್ತು. ಅದಕ್ಕೇ ಈ ವರ್ಷ ಅವನು ಹೊಲದ ಸುತ್ತ ಎರಡು ಸುತ್ತು ತಂತಿ ಎಳೆದು, ಒಂದು ಮೊಣಕಾಲಿಗೆ ಒಂದು ಸೊಂಟಕ್ಕೆ ಬರುವಂತೆ ಕಟ್ಟಿ, ಬೋರಿನ ಸ್ಟಾರ್ಟರ್ ಡಬ್ಬಿಯಿಂದ ಕರೆಂಟ್ ಕೊಟ್ಟಿದ್ದ. ತಪ್ಪೆಂದು ಅವನಿಗೂ ಗೊತ್ತು, ಲೈನ್‌ಮನ್ ಬೈದೂ ಹೋಗಿದ್ದ. ಪಂಪ್‌ಸೆಟ್ಟಿನ ಕರೆಂಟ್ ಒಂದು ವಾರ ರಾತ್ರಿ ಪಾಳಿ, ಒಂದು ವಾರ ಹಗಲು ಪಾಳಿ. ಬೊಮ್ಮಪ್ಪ ಸ್ಟಾರ್ಟರನ್ನು ಆಟೋದಲ್ಲೇ ಇಟ್ಟಿದ್ದ, ಕರೆಂಟ್ ಬಂದಾಗ ಮೋಟರ್ ತಾನೇ ಶುರುವಾಗುತ್ತದೆ. ಹೋದ ವಾರ ರಾತ್ರಿ ಪಾಳಿ ಇತ್ತು. ಹಗಲು ತಂತಿ ಸತ್ತ ಹಗ್ಗವೇ ಸರಿ, ಬಸಲಿಂಗಮ್ಮ ಅದರ ಮೇಲೆ ಒದ್ದೆ ಟವೆಲ್ಲೂ ಹರವಿದ್ದುಂಟು. ಸೋಮವಾರಕ್ಕೆ ಪಾಳಿ ಬದಲಾಗುತ್ತದೆಂಬುದನ್ನು ಬೊಮ್ಮಪ್ಪ ಮರೆತ. ತಂತಿಗೆ ಕರೆಂಟ್ ಕೊಡುವ ಕೊಕ್ಕೆ ಬಿಚ್ಚದೆ, ಡಬ್ಬಿಗೆ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಗೊಬ್ಬರ ತರಲು ಕೊಟ್ಟೂರಿಗೆ ಹೋದ. ಮಹಾರಾಯ!

ಅತ್ತೆ ಸೊಸೆ ಪಕ್ಕದ ತುಂಡಿನಲ್ಲಿ ಶೇಂಗಾ ಕೀಳುತ್ತಿದ್ದರು. ಮಾಲಾ ಬೇವಿನ ಗಿಡದ ಕೆಳಗೆ ಆಡುತ್ತಿದ್ದಳು. ಅಂಜಿನಕ್ಕ ಬಳ್ಳಿ ಕಿತ್ತಂತೆ ಮೈಕಿಗೆ ಹರಟುತ್ತಲೇ ಇದ್ದಳು, "ನೋಡವ್ವ, ಇದು ಶೇಂಗಾ, ಎಷ್ಟು ಕಾಯಿ ಅದಾವು ನೋಡು" ಎಂದು. ತಲೆಯೆತ್ತಿ ನೋಡಿದರೆ ಗಿಡದ ಕೆಳಗೆ ಮಗು ಇಲ್ಲ. ಅತ್ತಿತ್ತ ಹುಡುಕಿದಳು. ಜೋಳದ ಹೊಲದ ಅಂಚಿನಲ್ಲಿ, ಸರಿಯಾಗಿ ತಂತಿಯ ಕೆಳಗೆ, ಒಂದು ಗುಲಾಬಿ ಬಣ್ಣದ ಚಪ್ಪಲಿ ಬಿದ್ದಿತ್ತು. ಜೋಳದೊಳಗೆ ನವಿಲು ಉದುರಿಸಿದ ಗರಿಯ ಆಸೆಗೆ ತೂರಿದ್ದಾಳೆ ಹುಡುಗಿ. "ಎಲಾ ಕಳ್ಳಿ" ಎಂದು ನಗುತ್ತ ಅಂಜಿನಕ್ಕ ತಂತಿ ಎತ್ತಲು ಕೈ ಚಾಚಿದಳು.

ಆಗಲೇ ಬೋರಿನ ಕಡೆ ಮೋಟರ್ ಗುರ್ ಅಂದಿತು. ಬದುವಿನ ತೊಟ್ಟಿಗೆ ಪೈಪಿನಿಂದ ನೀರು ಧಸಕ್ಕನೆ ಬಿತ್ತು. ಮೋಟರ್‌ಗೆ ಕರೆಂಟ್ ಬಂತೆಂದರೆ ತಂತಿಗೂ ಬಂತು. ಹಿಂದೆಯೇ ಬಂದಿದ್ದ ಬಸಲಿಂಗಮ್ಮ ಸೊಸೆಯ ಸೆರಗು ಹಿಡಿದು ಜಗ್ಗಿದ ರಭಸಕ್ಕೆ ಇಬ್ಬರೂ ಬದುವಿನ ಮೇಲೆ ಬಿದ್ದರು. ಅಂಜಿನಕ್ಕನ ಬೆರಳು ತಂತಿಯಿಂದ ಒಂದು ಗೇಣಿನಷ್ಟೂ ದೂರವಿರಲಿಲ್ಲ.

ಒಳಗೆ ಮಗು, ಬರಿಗಾಲು, ಹಸಿ ನೆಲ. ಸುತ್ತ ಜೀವ ತೆಗೆಯುವ ತಂತಿ. ಬೋರಿನ ಡಬ್ಬಿ ಇರುವುದೂ ತಂತಿಯ ಒಳಗೇ. ಅಂಜಿನಕ್ಕನ ಫೋನು ಮನೆಯಲ್ಲಿ ಚಾರ್ಜಿಗಿತ್ತು.

"ಮಾಲಾ! ಬಾ ಅವ್ವಾ, ಬಾ!" ಎಂದಳು ಅಂಜಿನಕ್ಕ. ಯಾವ ತಾಯಿಯಾದರೂ ಅನ್ನುವುದು ಅದೇ. ಆಳೆತ್ತರದ ಜೋಳದ ನಡುವೆ ಒಂದು ಕಡೆ ಗಿಡದ ತುದಿಯ ಸೂಲಂಗಿಗಳು ಅಲುಗಿದವು. ಕೇಳಿಸಿದೆ! ಆದರೆ ಅಲುಗಾಟ ಇವಳ ಕಡೆ ಬರಲಿಲ್ಲ, ಆಚೆ ಬದುವಿನ ಕಡೆ ಹೊರಟಿತು. ಅಂಜಿನಕ್ಕನಿಗೆ ಥಟ್ಟನೆ ಹೊಳೆಯಿತು. ಮೈಕಿನ ದನಿಗೆ ದಿಕ್ಕಿಲ್ಲ. ಅದು ತಲೆಯೊಳಗೇ ಕೇಳುತ್ತದೆ. ಬಾ ಅಂದರೆ ಮಗು ಯಾವ ಕಡೆಗಾದರೂ ಹೋಗುತ್ತದೆ, ಯಾವ ಕಡೆಗೆ ಹೋದರೂ ತಂತಿಯೇ.

"ನಿಲ್ಲು! ಮಾಲಾ, ನಿಲ್ಲು!" ಎಂದಳು ಬದುಗುಂಟ ಓಡುತ್ತ. ಅಲುಗಾಟ ಇನ್ನೂ ಜೋರಾಯಿತು. ಅಯ್ಯೋ ಹಾಳು ಬಾಯೇ! ದಿನಾ ಸಂಜೆ ಅಪ್ಪ ಮಗಳು ಅಂಗಳದಲ್ಲಿ ಆಡುವ ಆಟವೇ ಅದು. ಬೊಮ್ಮಪ್ಪ "ನಿಲ್ಲು, ನಿಲ್ಲು" ಎಂದು ಬೆನ್ನಟ್ಟುತ್ತಾನೆ, ಮಾಲಾ ಕೇಕೆ ಹಾಕಿ ಓಡುತ್ತಾಳೆ. ಮಗುವಿಗೆ ಆ ಮಾತಿನ ಅರ್ಥ ಓಡು ಎಂದೇ.

ಅಷ್ಟರಲ್ಲಿ ಹಿಂದೆಯೇ ಓಡಿಬಂದ ಬಸಲಿಂಗಮ್ಮ ಎದೆ ಬಡಿದುಕೊಂಡು "ಅಯ್ಯಯ್ಯೋ ನನ ಕಂದಾ, ಸತ್ತೀ ಸತ್ತೀ!" ಎಂದು ಚೀರತೊಡಗಿದಳು. ಆ ಚೀರಾಟವೆಲ್ಲ ಮೈಕಿನೊಳಗೆ ಹೋಗಿ, ಬೆದರಿದ ಮಗು ದಿಕ್ಕುಗೆಟ್ಟು ಅಲ್ಲಿ ಇಲ್ಲಿ ನುಗ್ಗುವುದು ಜೋಳದ ತುದಿಗಳಲ್ಲೇ ಕಾಣುತ್ತಿತ್ತು. ಅಂಜಿನಕ್ಕ ಒಂದು ಕೈಯಿಂದ ಮೈಕನ್ನು ಮುಚ್ಚಿ, ಇನ್ನೊಂದರಿಂದ ಅತ್ತೆಯ ಬಾಯಿ ಒತ್ತಿದಳು. ಹೇಳಬೇಕಾದ್ದು ಬಹಳವಿತ್ತು. ಮುಚ್ಚಿದರೂ ಮೈಕು ದನಿ ಹಿಡಿಯುತ್ತದೆ, ಬಾಯಲ್ಲಿ ಹೇಳುವಂತಿರಲಿಲ್ಲ.

ತಾನೇ ಬೇಡವೆಂದು ಬಂದ್ ಮಾಡಿಸಿದ್ದ ಕೈಸನ್ನೆಯನ್ನು ಅಂಜಿನಕ್ಕ ಅವತ್ತು ಅತ್ತೆಯ ಮುಂದೆ ತಾನೇ ಮಾಡಿದಳು. ಅತ್ತೆಯ ಬಾಯಿಂದ ತೆಗೆದ ಕೈಯಿಂದ ಮೀಸೆ ತಿರುವಿದಳು. ಎರಡು ಕಂಬ, ನಡುವೆ ಪೆಟ್ಟಿಗೆ ಬರೆದು ತೋರಿಸಿದಳು, ಅಂದರೆ ಊರ ದಾರಿಯಲ್ಲಿರುವ ಕರೆಂಟಿನ ಟ್ರಾನ್ಸ್‌ಫಾರ್ಮರ್, ಊರವರ ಬಾಯಲ್ಲಿ ಟಿ.ಸಿ. ಹಿಡಿದು ಕೆಳಕ್ಕೆಳೆಯುವಂತೆ ಕೈ ಜಗ್ಗಿದಳು. ಬಸಲಿಂಗಮ್ಮನ ಅಳು ಗಕ್ಕನೆ ನಿಂತಿತು. ಒಂದೇ ಸಲಕ್ಕೆ ತಿಳಿಯಿತು ಅವಳಿಗೆ, ಅವಳ ಭಾಷೆಯಲ್ಲವೇ! ಸೀರೆ ಎತ್ತಿ ಸಿಕ್ಕಿಸಿಕೊಂಡು, ಮಂಡಿನೋವಿನ ಆ ಮುದುಕಿ ಹುಲುಗೇಶನ ಹೊಲದ ಕಡೆ ಬಿದ್ದಂಬೀಳ ಓಡಿದಳು.

ಅಂಜಿನಕ್ಕ ಮೈಕಿನ ಮೇಲಿನ ಕೈ ತೆಗೆದಳು. ಸುಮ್ಮನಿದ್ದರೆ ತಾಯಿಯನ್ನು ಹುಡುಕಿಕೊಂಡು ಮಗು ಹೊರಗೆ ಬರುತ್ತದೆ. ಕರೆದರೂ ಬರುತ್ತದೆ. ಏನು ಹೇಳಿದರೆ ಇದ್ದಲ್ಲೇ ಇದ್ದೀತು? ಆಗ ಅವಳಿಗೆ ಶಾಂಭವಿ ಮೇಡಂ ಕಲಿಸಿದ ಕಾಳಿನಾಟ ನೆನಪಾಯಿತು. ಮಗು ಒಂದು ಕಾಳು ಹಿಡಿದ ಕೈಯನ್ನು ಕಿವಿಯ ಪಕ್ಕಕ್ಕೆ ಎತ್ತಿ ಕೂರಬೇಕು. ಸದ್ದು ಕೇಳಿದಾಗ ಮಾತ್ರ ಕಾಳನ್ನು ಬಟ್ಟಲಿಗೆ ಹಾಕಬೇಕು. ಕೇಳುವವರೆಗೆ ಅಲುಗಾಡಬಾರದು. ಯಂತ್ರ ಸರಿಯಾಗಿದೆಯೋ ಇಲ್ಲವೋ ತಿಳಿಯಲು ದಿನಾ ಬೆಳಗ್ಗೆ ತಾಯಿ ಮಗಳು ಮಾಡುವ ಕೆಲಸ ಅದು.

ದನಿಯನ್ನು ಅವಳು ಬೆಳಗಿನ ಆಟದ ದನಿಯನ್ನಾಗಿ ಮಾಡಿಕೊಂಡಳು.

"ಮಾಲಾ, ಕಾಳಿನಾಟ. ಕಾಳು ತಗೋ. ಕೇಳು..."

ಸೂಲಂಗಿಗಳು ಇನ್ನೂ ಅಲುಗಿದವು.

"ಕಾಳು ತಗೋ ಅವ್ವಾ. ಕೇಳು... ಆ..."

ಅಲುಗಾಟ ನಿಂತಿತು. ನಿಂತದ್ದಾದರೂ ಎಲ್ಲಿ, ಆಚೆ ಬದುವಿನ ತಂತಿಯ ತೀರ ಹತ್ತಿರ. ಅಂಜಿನಕ್ಕ ಬದು ಸುತ್ತಿ ಆ ಕಡೆ ಹೋದಳು. ದನಿ ಏದುಸಿರಾಗಬಾರದೆಂದು ಓಡಲೂ ಇಲ್ಲ. ಒತ್ತಾದ ಜೋಳದ ಗರಿಗಳ ನಡುವೆ ಮಗು ಕಾಣಲಿಲ್ಲ. "ಈ..." ಎಂದಳು. ತಡೆದಳು. "ಊ..." ಎಂದಳು. "ಮ್..." "ಶ್..." "ಸ್..." ಪ್ರತಿ ಸದ್ದಿನ ನಂತರ ಕಾಯಬೇಕು. ಅವಸರ ಮಾಡಿದರೆ ಆಟ ಕೆಟ್ಟಿತು. ತಡಮಾಡಿದರೆ ಮಗುವಿಗೆ ಬೇಸರವಾಯಿತು. ತೊಟ್ಟಿಗೆ ನೀರು ಬೀಳುತ್ತಲೇ ಇತ್ತು. ಹಾಳಾದ ನೀರು! ಬರಗಾಲದಲ್ಲೂ ಅದನ್ನು ಶಪಿಸದ ಹೆಂಗಸು ಅವತ್ತು ನಿಲ್ಲು ನಿಲ್ಲು ಎಂದು ಮನಸ್ಸಿನಲ್ಲೇ ಶಾಪ ಹಾಕಿದಳು.

ಮನೆಯಲ್ಲಿ ಒಂದು ಹಿಡಿ ಕಾಳು ಮುಗಿಯುವಷ್ಟರಲ್ಲಿ ಮಾಲಾಳಿಗೆ ಆಟ ಸಾಕಾಗುತ್ತಿತ್ತು. ಇಲ್ಲಿ ಹಿಡಿಯಲ್ಲ, ಎಷ್ಟೋ ಆಯಿತು. ಒಂದು ಗರಿ ಅಲುಗಿತು. ಅಂಜಿನಕ್ಕ ಕೂಡಲೇ "ಅಂಬಾ..." ಎಂದಳು ಕರುವಿನಂತೆ. ಗರಿ ನಿಂತಿತು. "ಪೋಂ ಪೋಂ, ಕೊಟ್ಟೂರು ಬಸ್ಸು..." ಎಂದಳು. ಒಂದು ಸಲವಾದರೂ ಆ ಕಡೆಯಿಂದ ಏನಾದರೂ ಕೇಳಿಸಬಾರದೇ? ಯಂತ್ರ ಗರಿಗೆ ಸಿಕ್ಕಿ ಕಳಚಿದ್ದರೆ? ತಾನು ಮಾತಾಡುತ್ತಿರುವುದು ಬರೀ ಜೋಳಕ್ಕಾಗಿದ್ದರೆ? ದೇವರೇ, ಇದೆಂಥ ಮೈಕು ಕೊಟ್ಟೆ, ಹೋಗುವುದಷ್ಟೇ, ಬರುವುದಿಲ್ಲ! ಕಣ್ಣೀರು ಇಳಿಯುತ್ತಿತ್ತು, ಬಾಯಿ "ಆ..." ಅನ್ನುತ್ತಿತ್ತು.

ಪೈಪಿನ ನೀರು ಸಣ್ಣದಾಯಿತು. ಸೊಂಯ್ ಎಂದು ಎಳೆದು ಮೋಟರ್ ನಿಂತಿತು.

ಆದರೂ ಅಂಜಿನಕ್ಕ ನಂಬಲಿಲ್ಲ. ಕರೆಂಟ್ ಹೀಗೆ ಹೋಗಿ ಹಾಗೆ ಬರುವುದು ಆ ಕಡೆ ಹೊಸದೇ? ಅವಳು "ಊ..." ಅನ್ನುತ್ತಲೇ ದಾರಿಯ ಕಡೆ ನೋಡಿದಳು. ದೂರದ ದಿಬ್ಬದ ಮೇಲೆ ಬಸಲಿಂಗಮ್ಮ ನಿಂತಿದ್ದಳು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಊದಿ, ಎರಡೂ ಕೈ ಮೇಲೆತ್ತಿ ಆಡಿಸುತ್ತಿದ್ದಳು. ದೀಪ ಆರಿತು ಎಂದು ಮೊಮ್ಮಗಳಿಗೆ ಹೇಳುತ್ತಿದ್ದ ಸನ್ನೆ ಅದು. ಟಿ.ಸಿ.ಯ ಬಳಿ ಹುಲುಗೇಶ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆ ಎಳೆದು, ಅದಕ್ಕೇ ಜೋತುಬಿದ್ದವನ ಹಾಗೆ ಹಿಡಿದು ನಿಂತಿದ್ದ.

ಅಂಜಿನಕ್ಕ ತಂತಿಗಳ ನಡುವೆ ನುಗ್ಗಿದಳು. ಸೀರೆ ಹರಿಯಿತು, ಗರಿ ಮುಖಕ್ಕೆ ಗೀರಿತು. ಎರಡು ಸಾಲು ದಾಟುವಷ್ಟರಲ್ಲಿ ಸಿಕ್ಕಳು ಮಾಲಾ. ತಂತಿಯ ಕಡೆ ಬೆನ್ನು ಹಾಕಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಲಂಗದ ಅಂಚು ತಂತಿಗೆ ತಗುಲುತ್ತಿತ್ತು. ಒಂದು ತೆನೆಯನ್ನು ಮುರಿದು ಸಿಪ್ಪೆ ಸುಲಿದು ಮಡಿಲಲ್ಲಿಟ್ಟುಕೊಂಡಿದ್ದಳು. ಅರ್ಧ ತೆನೆ ಬೋಳಾಗಿತ್ತು. ಮುಂದೆ ನೆಲದ ಮೇಲೆ ಹಳದಿ ಕಾಳಿನ ಒಂದು ಪುಟ್ಟ ರಾಶಿ. ಆಚೆ ನಿಂತು ತಾಯಿ ಕಳಿಸಿದ ಸದ್ದುಗಳಿಗೆಲ್ಲ ಅಲ್ಲಿ ಕಾಳು ಬಿದ್ದಿತ್ತು.

ಮಾಲಾ ತಾಯಿಯನ್ನು ನೋಡಿದಳು, ಏಳಲಿಲ್ಲ. ಹೊಸ ಕಾಳು ಹಿಡಿದ ಕೈಯನ್ನು ಕಿವಿಯ ಪಕ್ಕಕ್ಕೆ ಎತ್ತಿಕೊಂಡು ಕಾದಳು. ಅಂಜಿನಕ್ಕ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಮಗು ಹುಬ್ಬು ಗಂಟಿಕ್ಕಿ, ಇನ್ನೊಂದು ಕೈಯಿಂದ ತಲೆಯ ಬಿಲ್ಲೆಯನ್ನು ಮುಟ್ಟಿ, ಅದು ಸರಿಯಾಗಿದೆಯೇ ಎಂದು ಒತ್ತಿ ನೋಡಿಕೊಂಡಳು. ಅದನ್ನು ಕಂಡು ಅಷ್ಟು ಹೊತ್ತು ತಡೆದಿದ್ದ ತಾಯಿ ಮೊಣಕಾಲೂರಿ ಕುಸಿದಳು. ಎದೆಯ ಆಳದಿಂದ ಒಂದು ಬಿಕ್ಕು ಕಿತ್ತುಕೊಂಡು ಬಂತು.

ಮಾಲಾ ಕಾಳನ್ನು ರಾಶಿಗೆ ಹಾಕಿದಳು. ಇನ್ನೊಂದು ಬಿಕ್ಕು ಬಂತು. ಅವಳು ತೆನೆಯಿಂದ ಇನ್ನೊಂದು ಕಾಳು ಬಿಡಿಸಿ ಹಾಕಿದಳು.