ಪ್ಯಾರಿಸ್ಸಿಗೆ ಹೋದ ಕೆಂಪು ಮಗ್

ಯುರೋಪಿಗೆ ಹೋಗುವವರಿಗೆ ನನ್ನದೊಂದೇ ಮಾತು: ಪ್ಲಾಸ್ಟಿಕ್ ಮಗ್ ಮರೆಯಬೇಡಿ. ತೊಳೆದುಕೊಳ್ಳಲು ನಮ್ಮ ಗಲ್ಫಿನ ಟಾಯ್ಲೆಟ್ಟುಗಳಲ್ಲಿರುವ ನೀರಿನ ಪೈಪು, ಅದೇ ಶತ್ತಾಫ್, ಅಲ್ಲಿಲ್ಲ. ಬರೀ ಕಾಗದ.

ನಾವು ಪ್ಯಾರಿಸ್ಸಿಗೆ ಹೊರಟಾಗ ಹೆಂಡತಿ, “ಮರ್ಯಾದೆ ತೆಗೀಬೇಡಿ ಮಾರಾಯ್ರೆ,” ಎಂದಳು. ನಾನು ಕೇಳಲಿಲ್ಲ. ಅಬುಧಾಬಿ ಏರ್‌ಪೋರ್ಟಿನ ತಪಾಸಣೆಯಲ್ಲಿ ಅರಬ್ ಅಧಿಕಾರಿ ನನ್ನ ಬ್ಯಾಗಿನಿಂದ ಕೆಂಪು ಮಗ್ಗನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, “ಇದೇನು?” ಎಂದ. ಹೆಂಡತಿ ನನ್ನ ಗುರುತೇ ಇಲ್ಲದವಳ ಹಾಗೆ ಅತ್ತ ತಿರುಗಿದಳು.

“ಪ್ಯಾರಿಸ್ಸಿನಲ್ಲಿ ಶತ್ತಾಫ್ ಮಾಫಿ, ಇಲ್ಲವೇ ಇಲ್ಲ,” ಎಂದೆ.

ಅವನ ಬಿಗಿದ ಮುಖ ಅರಳಿತು. “ನನ್ನ ಅಮ್ಮ ಎರಡು ಒಯ್ಯುತ್ತಾರೆ,” ಎಂದು ಮಗ್ಗನ್ನು ಮರ್ಯಾದೆಯಿಂದ ಮರಳಿಸಿದ.

ಗೆದ್ದ ಖುಷಿಯಲ್ಲಿ ವಿಮಾನ ಹತ್ತಿದೆ. ಪ್ಯಾರಿಸ್ಸಿನಲ್ಲಿ ಮಾತ್ರ ಮಗ್ ನನಗೆ ಸಿಗಲೇ ಇಲ್ಲ. ಅದು ಸದಾ ಹೆಂಡತಿಯ ವ್ಯಾನಿಟಿ ಬ್ಯಾಗಿನಲ್ಲಿತ್ತು. ಅಧಿಕಾರಿಯ ಅಮ್ಮ ಎರಡು ಒಯ್ಯುವುದು ಯಾಕೆಂದು ಆಗ ತಿಳಿಯಿತು.